ಜಾಗ ಇಲ್ಲ, ಕಾರ್ಡು ಬೇರೆ ಊರಲ್ಲಿ: ನನಗೆ ಸರ್ಕಾರದ ಮನೆ ಸಿಗುತ್ತಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ಗಂಡನ ಊರು ಜಗಳೂರು ತಾಲ್ಲೂಕು. ನಾವು ಎಸ್‌ಸಿ. ಗಂಡ ತೀರಿಹೋದ ಮೇಲೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದೆ. ಒಂದು ರೂಮು, ಒಂದು ಅಡುಗೆಮನೆ, ಬಾಡಿಗೆ ತಿಂಗಳಿಗೆ 4,000. ಅಡ್ವಾನ್ಸ್ 20 ಸಾವಿರ ಕೊಟ್ಟಿದ್ದೇನೆ. ಕರಾರು ಪತ್ರ ಮಾಡಿಲ್ಲ. ರೇಷನ್ ಕಾರ್ಡು ಊರಲ್ಲಿ ಅತ್ತೆಯ ಹೆಸರಲ್ಲೇ ಇದೆ, ಮೈದುನನ ಸಂಸಾರವೂ ಅದರಲ್ಲೇ ಇದೆ. ಈಗ ಮನೆ ಓನರ್ "ಕೆಡವಿ ಹೊಸದು ಕಟ್ಟಿಸ್ತೀವಿ, ಬರೋ ತಿಂಗಳು ಖಾಲಿ ಮಾಡಿ" ಅನ್ನುತ್ತಿದ್ದಾರೆ. ಪರಿಚಯದವರೊಬ್ಬರು 40 ಸಾವಿರ ಕೊಟ್ಟರೆ ಆಶ್ರಯ ಮನೆ ಮಾಡಿಸಿಕೊಡುತ್ತೇನೆ ಅಂತಾರೆ. ಬಾಡಿಗೆ ಕಟ್ಟಲು ಸರ್ಕಾರದಿಂದ ಏನಾದರೂ ಸಹಾಯ ಇದೆಯಾ? ನನಗೊಂದು ಮನೆ ಸಿಗುತ್ತಾ?

ಉತ್ತರ: ತಂಗಿ, ಮೊದಲು ಆ 40 ಸಾವಿರದ ಮಾತು. ಕೊಡಬೇಡಿ. ಸಾಲ ಮಾಡಿ ಅಂತೂ ಕೊಡಲೇಬೇಡಿ.

ಕಾರಣ ಕೇಳಿ. ಊರುಗಳಲ್ಲಿ ವಸತಿ ಯೋಜನೆಯ ಪಟ್ಟಿ ಆಗುವುದು ಗ್ರಾಮಸಭೆಯಲ್ಲಿ. ನಗರದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ. ಹೆಸರು ಆಯ್ಕೆಯಾದ ಮೇಲೆ ರಾಜೀವ್ ಗಾಂಧಿ ವಸತಿ ನಿಗಮದ ಕಂಪ್ಯೂಟರಿಗೆ ಹೋಗುತ್ತದೆ. ಹಣ ಬರುವುದು ಫಲಾನುಭವಿಯ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ. ಈ ದಾರಿಯಲ್ಲಿ ಎಲ್ಲೂ ಮಧ್ಯದವನಿಗೆ ಕಟ್ಟಬೇಕಾದ ಹಣ ಅಂತ ಒಂದು ಇಲ್ಲ. "ನಮ್ಮೋರು ಆಫೀಸಲ್ಲಿದ್ದಾರೆ" ಅನ್ನುವವರು ಸಾಮಾನ್ಯವಾಗಿ ಮಾಡುವುದು ಇಷ್ಟೇ: ನೀವೇ ಹಾಕಬಹುದಾದ ಅರ್ಜಿಯನ್ನು ಹಾಕುತ್ತಾರೆ, ಅದೃಷ್ಟಕ್ಕೆ ನಿಮ್ಮ ಹೆಸರು ಬಂದರೆ ತಾವೇ ಮಾಡಿಸಿದ್ದು ಅಂತಾರೆ, ಬರದಿದ್ದರೆ ಫೋನ್ ಎತ್ತುವುದಿಲ್ಲ. ನಿಮ್ಮ ಹತ್ತು ತಿಂಗಳ ಬಾಡಿಗೆ ಅದು.

ಈಗ ನಿಮ್ಮ ತಲೆ ಮೇಲೆ ಕೂತಿರುವ ಸಮಸ್ಯೆಗೆ ಬರೋಣ. ಬರುವ ತಿಂಗಳು ಬೀದಿಗೆ ಬೀಳಬೇಕಾ? ಇಲ್ಲ.

ಕರಾರು ಪತ್ರ ಇಲ್ಲದಿದ್ದರೂ ನೀವು ಬಾಡಿಗೆದಾರರೇ. ತಿಂಗಳು ತಿಂಗಳು ಬಾಡಿಗೆ ಕೊಟ್ಟು, ಅವರು ತೆಗೆದುಕೊಂಡು, ನೀವು ಅಲ್ಲಿ ವಾಸ ಮಾಡಿದ್ದೇ ಸಾಕು. ಕರ್ನಾಟಕ ಬಾಡಿಗೆ ಕಾಯಿದೆ, 1999 ಅಂತ ಒಂದಿದೆ. ಆದರೆ ಅದು ರಕ್ಷಣೆ ಕೊಡುವುದು ತೀರಾ ಕಡಿಮೆ ಬಾಡಿಗೆಯ ಮನೆಗಳಿಗೆ. ಊರಿನ ದರ್ಜೆ ನೋಡಿ 2,000 ಅಥವಾ 3,500 ರೂಪಾಯಿ ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತು ಆ ಬಾಡಿಗೆಗೆ ದಾವಣಗೆರೆಯಲ್ಲಿ ಎಂಥ ಮನೆ ಸಿಗುತ್ತದೆ ಅಂತ ನಿಮಗೇ ಗೊತ್ತು. ಬಡವರ ಬಾಡಿಗೆ ಏರಿತು, ಕಾಯಿದೆಯ ಮಿತಿ ಅಲ್ಲೇ ನಿಂತಿತು. ಇದು ನನಗೆ ತುಂಬಾ ಬೇಸರದ ವಿಷಯ.

ನಿಮ್ಮದು 4,000 ಆದ್ದರಿಂದ ಆಸ್ತಿ ವರ್ಗಾವಣೆ ಕಾಯಿದೆ ಅನ್ವಯಿಸುತ್ತದೆ. ಅದರ ಪ್ರಕಾರ ತಿಂಗಳ ಬಾಡಿಗೆಯ ಮನೆ ಖಾಲಿ ಮಾಡಿಸಲು ಓನರ್ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಾಯಿಮಾತಿನಲ್ಲಿ "ಖಾಲಿ ಮಾಡಿ" ಅಂದರೆ ಅದು ನೋಟಿಸ್ ಅಲ್ಲ. ನೋಟಿಸ್ ಕೊಟ್ಟ ಮೇಲೂ ನೀವು ಹೋಗದಿದ್ದರೆ ಅವರು ಕೋರ್ಟಿಗೆ ಹೋಗಿ ಆದೇಶ ತರಬೇಕು. ಸಾಮಾನು ಹೊರಗೆ ಹಾಕುವುದು, ಬೀಗ ಬದಲಾಯಿಸುವುದು, ಕರೆಂಟು ನೀರು ಕತ್ತರಿಸುವುದು ಇದ್ಯಾವುದಕ್ಕೂ ಅವರಿಗೆ ಹಕ್ಕಿಲ್ಲ. ಹಾಗೆ ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಕೋರ್ಟಿನಲ್ಲಿ ದಾವೆ ಹಾಕಿ ಮತ್ತೆ ಆ ಮನೆಯ ಸ್ವಾಧೀನ ಪಡೆಯಬಹುದು. ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಂ ಇರುವುದೇ ಇದಕ್ಕೆ. ಅಲ್ಲಿ ಮನೆ ಯಾರದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ವಾಸವಿದ್ದವರನ್ನು ಕಾನೂನು ಬಿಟ್ಟು ಹೊರಗೆ ಹಾಕಿದರಾ ಅಂತ ಮಾತ್ರ ನೋಡುತ್ತಾರೆ.

ಇಷ್ಟು ಹೇಳಿದೆ ಅಂತ ಜಗಳಕ್ಕೆ ನಿಲ್ಲಿ ಅನ್ನುತ್ತಿಲ್ಲ. ಕೆಡವಿ ಕಟ್ಟುವುದು ನಿಜವೇ ಇದ್ದರೆ ಒಂದಲ್ಲ ಒಂದು ದಿನ ಬಿಡಲೇಬೇಕು. ನಿಮಗೆ ಬೇಕಾಗಿರುವುದು ಎರಡು: ಒಂದೆರಡು ತಿಂಗಳು ಸಮಯ, ಮತ್ತು ಪೂರ್ತಿ ಅಡ್ವಾನ್ಸ್. ಓನರ್ ಹತ್ತಿರ ಸಮಾಧಾನವಾಗಿ ಕೂತು ಮಾತಾಡಿ. "ಮಕ್ಕಳ ಪರೀಕ್ಷೆ ಮುಗೀಲಿ, ಇಂಥ ತಾರೀಕಿಗೆ ಬಿಡ್ತೀನಿ, ಅವತ್ತೇ 20 ಸಾವಿರ ಕೈಗೆ ಕೊಡಿ" ಅಂತ. ಒಪ್ಪಿದರೆ ಅದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಇನ್ನು ಮುಂದೆ ಬಾಡಿಗೆಯನ್ನು ಫೋನ್‌ಪೇ, ಗೂಗಲ್‌ಪೇಯಲ್ಲೇ ಹಾಕಿ. ಅದೇ ನಿಮ್ಮ ರಸೀದಿ. ಕೊನೆ ತಿಂಗಳುಗಳ ಬಾಡಿಗೆ ನಿಲ್ಲಿಸಿ "ಅಡ್ವಾನ್ಸಲ್ಲಿ ಮುರ್ಕೊಳ್ಳಿ" ಅಂತ ಕೆಲವರು ಸಲಹೆ ಕೊಡುತ್ತಾರೆ. ಓನರ್ ಬರವಣಿಗೆಯಲ್ಲಿ ಒಪ್ಪದೆ ಹಾಗೆ ಮಾಡಬೇಡಿ. ಬಾಡಿಗೆ ಬಾಕಿ ಬಿದ್ದರೆ ಕೋರ್ಟಿನಲ್ಲಿ ನಿಮ್ಮ ಮಾತಿಗೆ ತೂಕ ಕಡಿಮೆಯಾಗುತ್ತದೆ.

ಮಾತಿಗೆ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ದಾವಣಗೆರೆಯ ಜಿಲ್ಲಾ ನ್ಯಾಯಾಲಯದಲ್ಲಿ ಕೇಳಿದರೆ ತೋರಿಸುತ್ತಾರೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಎಸ್‌ಸಿ ಎಸ್‌ಟಿಯವರಿಗೂ ಹಾಗೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲೇ ಅದು ಬರೆದಿದೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ಅಲ್ಲಿಂದ ಒಂದು ಪತ್ರ ಹೋದರೆ ಎಷ್ಟೋ ಓನರುಗಳು ಅಡ್ವಾನ್ಸ್ ವಾಪಸ್ ಕೊಡಲು ಒಪ್ಪುತ್ತಾರೆ.

ಬಾಡಿಗೆಗೆ ಸಹಾಯ ಇದೆಯಾ ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ: ಬಾಡಿಗೆ ಅಂತಲೇ ತಿಂಗಳಿಗಿಷ್ಟು ಕೊಡುವ ಯೋಜನೆ ನಮ್ಮಲ್ಲಿ ಇಲ್ಲ. ನಮ್ಮ ವಸತಿ ಯೋಜನೆಗಳೆಲ್ಲ ಹುಟ್ಟಿದ್ದು ಸ್ವಂತ ಮನೆಯ ಲೆಕ್ಕದಲ್ಲಿ. ಅದರಲ್ಲೂ ಹೆಚ್ಚಿನವು ಜಾಗ ಇರುವವರಿಗೆ ಕಟ್ಟಲು ದುಡ್ಡು ಕೊಡುತ್ತವೆ. ಜಾಗವೂ ಇಲ್ಲದ, ಊರೂ ಬಿಟ್ಟು ಬಂದ, ಕೂಲಿ ಮಾಡಿ ಬಾಡಿಗೆ ಕಟ್ಟುವ ಹೆಣ್ಣುಮಗಳು ಈ ಲೆಕ್ಕದಲ್ಲಿ ಕೊನೆಗೆ ಬರುತ್ತಾಳೆ. ಮಿಲ್ಲುಗಳ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಆಗಿನಿಂದಲೂ ಸುತ್ತಲ ತಾಲ್ಲೂಕುಗಳ ಜನ ದುಡಿಯಲು ಇಲ್ಲಿಗೆ ಬರುತ್ತಲೇ ಇದ್ದಾರೆ. ಆದರೂ ದುಡಿಯಲು ಬಂದವರು ಬಾಡಿಗೆಯಲ್ಲಿ ನೆಮ್ಮದಿಯಾಗಿರಲಿ ಅನ್ನುವ ಯೋಜನೆಯೊಂದು ಗಟ್ಟಿಯಾಗಿ ಬೇರೂರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗೆ ಕಡಿಮೆ ಬಾಡಿಗೆಯ ಮನೆಗಳ ಯೋಜನೆ ತಂದಿತು. ಈಗಿನ ಪ್ರಧಾನಮಂತ್ರಿ ನಗರ ಆವಾಸ್ 2.0ರಲ್ಲೂ ಬಾಡಿಗೆ ಮನೆಗಳದ್ದೇ ಒಂದು ಭಾಗ ಇದೆ. ಪಾಲಿಕೆಗೆ ಹೋದಾಗ ಇದರ ಬಗ್ಗೆ ಒಂದು ಮಾತು ಕೇಳಿ. ಆದರೆ ಬರುವ ತಿಂಗಳ ಚಿಂತೆಗೆ ಅದನ್ನು ನಂಬಿ ಕೂರಬೇಡಿ.

ಬಾಡಿಗೆಯ ಹೊರೆ ಇಳಿಸುವ ಬೇರೆ ಸೌಲಭ್ಯಗಳಿವೆ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ನೀವು ಅದನ್ನು ಪಡೆಯುತ್ತಿದ್ದೀರಾ ಅಂತ ಬರೆದಿಲ್ಲ. ಇಲ್ಲದಿದ್ದರೆ ಗಂಡನ ಮರಣ ಪ್ರಮಾಣಪತ್ರ, ಆಧಾರ್, ಆದಾಯ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಹೋಗಿ ಅರ್ಜಿ ಕೊಡಿ. ಗೃಹಲಕ್ಷ್ಮಿಯ 2,000 ಕುಟುಂಬದ ಯಜಮಾನಿಗೆ ಬರುತ್ತದೆ. ಈಗಿನ ಕಾರ್ಡಿನಲ್ಲಿ ಯಜಮಾನಿ ನಿಮ್ಮ ಅತ್ತೆ, ಹಾಗಾಗಿ ಅದು ಅವರಿಗೆ ಹೋಗುತ್ತದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, 200 ಯೂನಿಟ್‌ವರೆಗೆ. ಮನೆ ಬದಲಾಯಿಸುವಾಗ ಹಳೇ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಬಿಡಿಸಿ, ಹೊಸ ಮನೆಯ ಆರ್‌ಆರ್ ನಂಬರಿಗೆ ಜೋಡಿಸಬೇಕು. ಇದನ್ನು ಮರೆತು ಹೊಸ ಮನೆಯಲ್ಲಿ ಪೂರ್ತಿ ಬಿಲ್ಲು ಕಟ್ಟುತ್ತಿರುವವರು ಬಹಳ ಜನ. ಸೇವಾ ಸಿಂಧುವಿನಲ್ಲಿ ಅಥವಾ ಬೆಸ್ಕಾಂ ಆಫೀಸಿನಲ್ಲಿ ಕೇಳಿದರೆ ಮಾಡಿಕೊಡುತ್ತಾರೆ.

ಗೃಹಲಕ್ಷ್ಮಿಯೂ ವಿಧವಾ ವೇತನವೂ ಎರಡೂ ಬಂದರೆ 2,800 ಆಯಿತು. 4,000 ಬಾಡಿಗೆಯ ಮುಕ್ಕಾಲು ಭಾಗಕ್ಕೆ ಹತ್ತಿರ. ಸರ್ಕಾರ ಅದನ್ನು ಬಾಡಿಗೆ ಸಹಾಯ ಅನ್ನುವುದಿಲ್ಲ, ಆದರೆ ನಿಮ್ಮ ಮಟ್ಟಿಗೆ ಅದು ಬಾಡಿಗೆಯೇ. ಅದಕ್ಕೆ ಬೇಕಾಗಿರುವುದು ನಿಮ್ಮದೇ ರೇಷನ್ ಕಾರ್ಡು.

ಕಾರ್ಡು ಅಂದಕೂಡಲೇ ನಾಳೆಯೇ ಹೋಗಿ ಊರಿನ ಕಾರ್ಡಿನಿಂದ ಹೆಸರು ತೆಗೆಸಬೇಡಿ. ನಿಮ್ಮ ವಿಷಯದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಮೊದಲು ಊರು ಆರಿಸಿ. ಮನೆ ಜಗಳೂರು ಕಡೆಯ ಹಳ್ಳಿಯಲ್ಲಿ ಬೇಕೋ, ದಾವಣಗೆರೆಯಲ್ಲಿ ಬೇಕೋ? ಅದು ತೀರ್ಮಾನ ಆದ ಮೇಲೆ ಕಾರ್ಡಿಗೆ ಕೈ ಹಾಕಿ. ಸರ್ಕಾರದ ಮನೆ ಸಾಮಾನ್ಯವಾಗಿ ಒಂದು ಕುಟುಂಬಕ್ಕೆ ಒಂದೇ ಸಲ. ಹಳ್ಳಿಯ ಪಟ್ಟಿಗೆ ನೀವು ಆ ಪಂಚಾಯ್ತಿಯವರು ಅಂತ ತೋರಿಸುವುದು ಈ ಕಾರ್ಡೇ. ನಗರದ ಪಟ್ಟಿಗೆ ನೀವು ಇಲ್ಲಿಯವರು ಅಂತ ತೋರಿಸುವುದೂ ಕಾರ್ಡೇ. ಈಗ ನೀವು ಎರಡರ ನಡುವೆ ಇದ್ದೀರಿ. ಹಳ್ಳಿಯವರು "ನೀವು ಇಲ್ಲಿ ಇರಲ್ವಲ್ಲ" ಅಂತಾರೆ. ನಗರದವರು "ಕಾರ್ಡು ಇಲ್ಲಿದಲ್ವಲ್ಲ" ಅಂತಾರೆ. ಎರಡೂ ಕಡೆ ಅರ್ಜಿ ಕೊಟ್ಟು ಎರಡೂ ಕಡೆ ತಿರಸ್ಕಾರ ಆಗುವವರು ನಿಮ್ಮಂಥವರೇ.

ಹಳ್ಳಿಯ ಕಡೆ ಏನಿದೆ ನೋಡೋಣ. ನೀವು ಎಸ್‌ಸಿ ಆದ್ದರಿಂದ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ ಬರುತ್ತೀರಿ. ಗ್ರಾಮೀಣ ಭಾಗದಲ್ಲಿ ಸಹಾಯಧನ 1.75 ಲಕ್ಷ. ಬಸವ ವಸತಿಯಲ್ಲಿ ಬೇರೆಯವರಿಗೆ 1.20 ಲಕ್ಷ. ವಿಧವೆಯರು, ಅಂಗವಿಕಲರು ಮುಂತಾದವರಿಗೆ ದೇವರಾಜ ಅರಸು ವಸತಿ ಯೋಜನೆ ಬೇರೆ ಇದೆ, ಆದರೆ ನಿಮಗೆ ಅಂಬೇಡ್ಕರ್ ನಿವಾಸವೇ ನೇರ ದಾರಿ. ಇದಕ್ಕೆಲ್ಲ ಜಾಗ ಬೇಕು. ಜಾಗದ ದಾಖಲೆ ನಿಮ್ಮ ಹೆಸರಲ್ಲಿರಬೇಕು. ಗಂಡನ ಮನೆಯವರಿಗೆ ಹಳ್ಳಿಯಲ್ಲಿ ಮನೆಜಾಗ ಇದೆಯಾ? ಇದ್ದರೆ ಅದರಲ್ಲಿ ನಿಮಗೆ, ನಿಮ್ಮ ಮಕ್ಕಳಿಗೆ ಪಾಲಿದೆ. ಮಾವ ತೀರಿಕೊಂಡಿದ್ದರೆ ಗಂಡನಿಗೆ ಬರಬೇಕಾದ ಪಾಲಿನಲ್ಲಿ ನೀವೂ ಮಕ್ಕಳೂ ವಾರಸುದಾರರು. ಗಂಡ ಮಾವನಿಗಿಂತ ಮೊದಲೇ ಹೋಗಿದ್ದರೂ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತೀರಿಹೋದ ಮಗನ ಹೆಂಡತಿ ಮಕ್ಕಳನ್ನು ಮೊದಲ ದರ್ಜೆಯ ವಾರಸುದಾರರಲ್ಲೇ ಇಟ್ಟಿದೆ. "ನೀನು ಊರು ಬಿಟ್ಟು ಹೋದೆ, ನಿಂಗೇನೂ ಇಲ್ಲ" ಅಂತ ಯಾರಾದರೂ ಅಂದರೆ ಅದು ಸುಳ್ಳು. ಮಾವ ಬದುಕಿದ್ದು ಜಾಗ ಅವರ ಸ್ವಂತ ಸಂಪಾದನೆಯದಾದರೆ ಮಾತು ಬೇರೆ. ಆಗ ಅವರು ಮನಸ್ಸು ಮಾಡಿ ಬರೆದುಕೊಟ್ಟರೆ ಮಾತ್ರ.

ಪಂಚಾಯ್ತಿಗೆ ಹೋಗಿ ಆ ಜಾಗದ ನಮೂನೆ 9 ಮತ್ತು 11ರ ಪ್ರತಿ ಕೇಳಿ. ಇ-ಸ್ವತ್ತು ಅನ್ನುತ್ತಾರಲ್ಲ, ಅದೇ. ಜಾಗ ಎಷ್ಟು ಅಡಿ, ಯಾರ ಹೆಸರಲ್ಲಿದೆ, ಚೆಕ್ಕುಬಂದಿ ಏನು, ಎಲ್ಲ ಅದರಲ್ಲಿರುತ್ತದೆ. ಈ ಹಾಳೆ ಕೈಗೆ ಬರುವವರೆಗೆ ಜಾಗದ ಬಗ್ಗೆ ಯಾರ ಮಾತನ್ನೂ ನಂಬಬೇಡಿ.

ಇನ್ನು ಹಣ. 1.75 ಲಕ್ಷ ಒಂದೇ ಸಲ ಕೈಗೆ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತಹಂತವಾಗಿ ಬರುತ್ತದೆ. ಪ್ರತಿ ಹಂತ ಮುಗಿದ ಮೇಲೆ ಪಂಚಾಯ್ತಿಯವರು ಬಂದು ಜಿಪಿಎಸ್ ಫೋಟೊ ತೆಗೆಯಬೇಕು. ಆ ಫೋಟೊ ಮಂಜೂರಾದ ಮೇಲೆ ಆ ಹಂತದ ಹಣ ಬರುತ್ತದೆ. ಅಂದರೆ ಮೊದಲ ತಳಪಾಯ ನಿಮ್ಮದೇ ದುಡ್ಡಿನಲ್ಲಿ ಹಾಕಬೇಕು. ಜಲ್ಲಿ, ಸಿಮೆಂಟು, ಕಬ್ಬಿಣ, ಗಾರೆ ಕೆಲಸದವರ ಕೂಲಿ ಎಲ್ಲ ಸೇರಿದರೆ ಸಣ್ಣ ಮನೆಗೂ ಈ ಸಹಾಯಧನ ಸಾಲುವುದಿಲ್ಲ. ಉಳಿದದ್ದು ಸಾಲವೇ. ನಮ್ಮ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಗಳು ಕಾಣುತ್ತವೆ. ಕಿಟಕಿಯ ಜಾಗದಲ್ಲಿ ಗೋಣಿಚೀಲ, ಒಳಗೆ ಸೌದೆ, ಮೇಲೆ ಆಕಾಶ. ಆ ಮನೆಯವರು ಸೋಮಾರಿಗಳಲ್ಲ. ಎರಡನೇ ಕಂತಿನ ಫೋಟೊ ಮಂಜೂರಾಗುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ, ಅಷ್ಟೇ.

ಹಾಗಾಗಿ ಹಳ್ಳಿಯಲ್ಲಿ ಕಟ್ಟುವುದಾದರೆ ಮೂರು ವಿಷಯ ಗಟ್ಟಿಯಿರಬೇಕು. ಜಾಗದ ಪಾಲು ಬರವಣಿಗೆಯಲ್ಲಿ ನಿಮಗೆ ಬಂದಿರಬೇಕು. ಕೆಲಸ ನಡೆಯುವಾಗ ನಿಂತು ನೋಡಿಕೊಳ್ಳುವವರು ಬೇಕು. ಕಟ್ಟಿದ ಮೇಲೆ ನೀವು ಅಲ್ಲಿ ಹೋಗಿ ಇರಬೇಕು. ಮೂರನೆಯದು ದೊಡ್ಡ ಪ್ರಶ್ನೆ. ನಿಮ್ಮ ದುಡಿಮೆ ಇಲ್ಲಿದೆ, ಮಕ್ಕಳ ಸ್ಕೂಲು ಇಲ್ಲಿದೆ. ಅಲ್ಲಿ ಬೀಗ ಹಾಕಿದ ಮನೆ, ಇಲ್ಲಿ ಬಾಡಿಗೆ ತಪ್ಪದ ಬದುಕು ಅಂತಾದರೆ ನಿಮಗೆ ಏನು ಸಿಕ್ಕಿತು?

ನನ್ನನ್ನು ಕೇಳಿದರೆ, ನಿಮ್ಮ ಪರಿಸ್ಥಿತಿಯಲ್ಲಿ ದಾವಣಗೆರೆಯನ್ನೇ ಆರಿಸಿಕೊಳ್ಳಿ. ಹಳ್ಳಿಯ ಜಾಗದ ಪಾಲನ್ನು ಬಿಟ್ಟುಕೊಡಬೇಡಿ, ಆದರೆ ಅಲ್ಲಿ ಮನೆಗೆ ಅರ್ಜಿ ಹಾಕಬೇಡಿ. ಖಾಲಿ ಜಾಗದಲ್ಲಿ ಪಾಲಿದೆ ಅಂತ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯಲ್ಲಿ ನಿಮ್ಮ ಅರ್ಹತೆ ಹೋಗುವುದಿಲ್ಲ. ಅದರಲ್ಲಿ ಕೇಳುವುದು ದೇಶದಲ್ಲಿ ಎಲ್ಲಾದರೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇದೆಯಾ ಅಂತ. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅತ್ತೆ, ಮೈದುನ ಆ ಲೆಕ್ಕದಲ್ಲಿ ಬರುವುದಿಲ್ಲ.

ಇಲ್ಲೇ ನಿಮ್ಮ ಕಾರ್ಡು ಅಡ್ಡ ಬರುವುದು. ಕಾರ್ಡು ಜಂಟಿಯಾಗಿದ್ದರೆ ಪರಿಶೀಲನೆ ಮಾಡುವವರು ಎಲ್ಲರನ್ನೂ ಒಂದೇ ಕುಟುಂಬ ಅಂತ ನೋಡುತ್ತಾರೆ. ಅತ್ತೆಗೆ ಹಿಂದೆ ಯಾವಾಗಲೋ ಆಶ್ರಯ ಮನೆ ಸಿಕ್ಕಿದ್ದರೆ ಅದು ನಿಮ್ಮ ಅರ್ಜಿಗೆ ಕುತ್ತು ತರುತ್ತದೆ. ಈಗಿನ ನಿಯಮದಲ್ಲಿ ಕಳೆದ 20 ವರ್ಷದಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯಲ್ಲಿ ಮನೆ ಪಡೆದ ಕುಟುಂಬಕ್ಕೆ ಮತ್ತೆ ಕೊಡುವುದಿಲ್ಲ. ಅದಕ್ಕೇ ನೀವು ಮತ್ತು ಇಬ್ಬರು ಮಕ್ಕಳು ಬೇರೆ ಕುಟುಂಬ ಅಂತ ಕಾಗದದಲ್ಲಿ ಆಗಬೇಕು. ಅತ್ತೆಯ ಗೃಹಲಕ್ಷ್ಮಿಗೆ ಇದರಿಂದ ತೊಂದರೆ ಇಲ್ಲ, ಅವರ ಕಾರ್ಡಿನಲ್ಲಿ ಅವರೇ ಯಜಮಾನಿಯಾಗಿ ಉಳಿಯುತ್ತಾರೆ. ಇದನ್ನು ಅವರಿಗೆ ಮೊದಲೇ ತಿಳಿಸಿ ಹೇಳಿ. ಇಲ್ಲದಿದ್ದರೆ "ಸೊಸೆ ನನ್ನ ದುಡ್ಡು ನಿಲ್ಲಿಸೋಕೆ ಹೊರಟಿದ್ದಾಳೆ" ಅಂತ ಮನಸ್ಸು ಕೆಡುತ್ತದೆ.

ಒಂದು ಎಚ್ಚರಿಕೆ. ಹೊಸ ಕಾರ್ಡಿನ ಅರ್ಜಿ ವರ್ಷಪೂರ್ತಿ ತೆಗೆದುಕೊಳ್ಳುವುದಿಲ್ಲ. ಕೆಲವು ಸಲ ತಿಂಗಳುಗಟ್ಟಲೆ ನಿಂತಿರುತ್ತದೆ. ಹಳೇ ಕಾರ್ಡಿನಿಂದ ಹೆಸರು ತೆಗೆಸಿ, ಹೊಸದಕ್ಕೆ ಅರ್ಜಿ ತೆಗೆದುಕೊಳ್ಳದಿದ್ದರೆ ಅಕ್ಕಿಯೂ ಇಲ್ಲ, ಆಸ್ಪತ್ರೆಗೆ ಕಾರ್ಡೂ ಇಲ್ಲ ಅಂತಾಗುತ್ತದೆ. ಆಹಾರ ಇಲಾಖೆಯ ಕಚೇರಿಗೆ ಹೋಗಿ ಮೊದಲು ಕೇಳಿ: "ಹೊಸ ಬಿಪಿಎಲ್ ಅರ್ಜಿ ಈಗ ತಗೋತಿದ್ದೀರಾ?" ಹೌದು ಅಂದರೆ ಮಾತ್ರ ಹೆಸರು ತೆಗೆಸಿ, ಆದಷ್ಟು ಅದೇ ವಾರದಲ್ಲಿ ಹೊಸ ಅರ್ಜಿ ಹಾಕಿ. ಅಲ್ಲಿಯವರೆಗೆ ಊರಿನ ಕಾರ್ಡಿನ ಅಕ್ಕಿಯನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳು ಒತ್ತಿ ತೆಗೆದುಕೊಳ್ಳಬಹುದು. ಊರಲ್ಲಿ ಇರುವವರ ಜೊತೆ ಮಾತಾಡಿಕೊಂಡು ಮಾಡಿ.

ಹೊಸ ಕಾರ್ಡಿಗೆ, ಆಧಾರ್ ವಿಳಾಸಕ್ಕೆ, ಆದಾಯ ಪ್ರಮಾಣಪತ್ರಕ್ಕೆ, ಎಲ್ಲಕ್ಕೂ ದಾವಣಗೆರೆಯ ವಿಳಾಸ ಬೇಕು. ಅದಕ್ಕೇ ಮುಂದಿನ ಮನೆ ಹಿಡಿಯುವಾಗ ಬಾಡಿಗೆ ಕರಾರು ಮಾಡದೆ ಒಳಗೆ ಕಾಲಿಡಬೇಡಿ. ಇ-ಸ್ಟಾಂಪ್ ಪೇಪರಿನಲ್ಲಿ 11 ತಿಂಗಳ ಕರಾರು ಸಾಕು, ಒಂದು ವರ್ಷ ದಾಟಿದರೆ ಮಾತ್ರ ನೋಂದಣಿ ಬೇಕು. ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ದಿನದಲ್ಲಿ ವಾಪಸ್, ಬಣ್ಣಕ್ಕೆ ಅಂತ ಎಷ್ಟು ಮುರಿಯುತ್ತಾರೆ, ಖಾಲಿ ಮಾಡಲು ಎಷ್ಟು ತಿಂಗಳ ಮುನ್ಸೂಚನೆ ಅನ್ನುವುದೆಲ್ಲ ಅದರಲ್ಲಿರಲಿ. ಎರಡು ತಿಂಗಳ ಮುನ್ಸೂಚನೆ ಅಂತ ಬರೆಸಿಕೊಳ್ಳಲು ಪ್ರಯತ್ನಿಸಿ. ಕರಾರು ಬೇಡ ಅನ್ನುವ ಓನರುಗಳು ಜಾಸ್ತಿ. ಬಾಡಿಗೆ ಐನೂರು ಹೆಚ್ಚಾದರೂ ಕರಾರು ಮಾಡಿಕೊಡುವ ಮನೆಯೇ ನಿಮಗೆ ಲಾಭ.

ಇಷ್ಟು ಕಾಗದ ಕೈಗೆ ಬಂದ ಮೇಲೆ ನಗರದಲ್ಲಿ ಎಲ್ಲಿ ಹೋಗಬೇಕು?

ಒಂದು, ಮಹಾನಗರ ಪಾಲಿಕೆ. ಪ್ರಧಾನಮಂತ್ರಿ ನಗರ ಆವಾಸ್ 2.0 ಯೋಜನೆ 2024ರ ಸೆಪ್ಟೆಂಬರ್ 1ರಿಂದ ಐದು ವರ್ಷಕ್ಕೆ ಅಂತ ಶುರುವಾಗಿದೆ. ವರ್ಷದ ಆದಾಯ 3 ಲಕ್ಷದೊಳಗಿನವರು ಮೊದಲ ಗುಂಪು. ವಿಧವೆಯರಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದ್ಯತೆ ಅಂತ ನಿಯಮದಲ್ಲೇ ಇದೆ, ಮನೆಯೂ ಹೆಣ್ಣುಮಕ್ಕಳ ಹೆಸರಿಗೇ ಆಗುತ್ತದೆ. ಇದರಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವ ಭಾಗ ನಿಮಗಲ್ಲ. ಬಡ್ಡಿ ಸಹಾಯಧನವೂ ನಿಮಗಲ್ಲ, ಅದು ಬ್ಯಾಂಕಿನಲ್ಲಿ ಗೃಹಸಾಲ ಸಿಗುವವರಿಗೆ. ನಿಮಗೆ ಬೇಕಾದ್ದು "ಸಹಭಾಗಿತ್ವದಲ್ಲಿ ಕೈಗೆಟಕುವ ಮನೆ" ಅನ್ನುವ ಭಾಗ. ಸರ್ಕಾರಿ ಸಂಸ್ಥೆ ಕಟ್ಟಿಸುವ ಬಹುಮಹಡಿ ಮನೆಗಳು ಅವು. ಕೇಂದ್ರದಿಂದ ಮನೆಗೆ 1.50 ಲಕ್ಷ, ರಾಜ್ಯದಿಂದ ಕನಿಷ್ಠ 1 ಲಕ್ಷ, ಉಳಿದದ್ದು ಫಲಾನುಭವಿಯ ವಂತಿಕೆ. ಅರ್ಜಿ ಬರೆಸುವಾಗ ಯಾವ ಭಾಗಕ್ಕೆ ಅಂತ ನೀವೇ ಬಾಯಿಬಿಟ್ಟು ಹೇಳಿ. ಜಾಗ ಇದೆ ಅಂತ ತಪ್ಪಾಗಿ ಟಿಕ್ ಹಾಕಿದರೆ ಜಾಗದ ದಾಖಲೆ ಕೇಳಿ ಅರ್ಜಿ ಅಲ್ಲೇ ನಿಲ್ಲುತ್ತದೆ.

ಎರಡು, ಆಶ್ರಯ ನಿವೇಶನ. ಪಾಲಿಕೆಯ ಆಶ್ರಯ ವಿಭಾಗದಲ್ಲಿ ನಿವೇಶನ ರಹಿತರ ಪಟ್ಟಿಗೆ ಅರ್ಜಿ ಕೊಡಿ. ಸಿಗುವುದು ಸಾಮಾನ್ಯವಾಗಿ 20x30ರ ಜಾಗ. ಸಿಕ್ಕರೆ ನಗರದಲ್ಲಿ ಎಸ್‌ಸಿ ಎಸ್‌ಟಿಯವರಿಗೆ ಕಟ್ಟಲು ಅಂಬೇಡ್ಕರ್ ನಿವಾಸದಡಿ 2 ಲಕ್ಷ ಇದೆ. ಆದರೆ ನಗರದಂಚಿನಲ್ಲಿ ಸರ್ಕಾರಕ್ಕೆ ಜಾಗ ಸಿಗುವುದೇ ಕಷ್ಟ. ವರ್ಷಗಳ ಕಾಯುವಿಕೆ ಇದು ಅಂತ ತಿಳಿದೇ ಅರ್ಜಿ ಹಾಕಿ.

ಮೂರು, ಕೊಳಚೆ ಪ್ರದೇಶ ಅಭಿವೃದ್ಧಿ ಮಂಡಳಿ. ನೀವಿರುವ ಅಥವಾ ಮುಂದೆ ಹೋಗುವ ಏರಿಯಾ ಘೋಷಿತ ಕೊಳಚೆ ಪ್ರದೇಶವಾ ಅಂತ ಕೇಳಿ ತಿಳಿದುಕೊಳ್ಳಿ. ಮಂಡಳಿ ಕಟ್ಟಿಸುವ ಮನೆಗಳಲ್ಲಿ ಬಡವರಿಗೆ ದೊಡ್ಡ ತೊಡಕಾಗಿದ್ದು ವಂತಿಕೆ. ಲಕ್ಷಗಟ್ಟಲೆ ಕಟ್ಟಲಾಗದೆ ಎಷ್ಟೋ ಮನೆಗಳು ಅರ್ಧಕ್ಕೆ ನಿಂತವು. ಆಮೇಲೆ ರಾಜ್ಯ ಸರ್ಕಾರ ವಂತಿಕೆಯನ್ನು 1 ಲಕ್ಷಕ್ಕೆ ಇಳಿಸಿ ಉಳಿದದ್ದನ್ನು ತಾನೇ ಹೊತ್ತು, 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಮನೆಗಳನ್ನು ಹಂಚಿತು. ಬಡವರ ವಸತಿಯಲ್ಲಿ ನಾನು ಮನಸಾರೆ ಮೆಚ್ಚುವ ನಿರ್ಧಾರ ಅದು. ಆದರೆ ಈ ಮನೆಗಳಲ್ಲಿ ಗುಡಿಸಲಿನ ಹಕ್ಕು ಯಾರ ಹೆಸರಲ್ಲಿದೆಯೋ ಅವರೇ ಮುಂದೆ ಬರುತ್ತಾರೆ, ಒಳಗೆ ಬಾಡಿಗೆಗಿರುವವರು ಹಿಂದೆ ಉಳಿಯುತ್ತಾರೆ. ಹಾಗಾಗಿ ಸರ್ವೆಯವರು ಬಂದ ದಿನ ಕೂಲಿ ಹೋದರೂ ಮನೆಯಲ್ಲಿರಿ. ವಾಸವಿರುವ ಕುಟುಂಬ ಅಂತ ನಿಮ್ಮ ಹೆಸರು ಬರೆಸಿ, ಬರೆದದ್ದನ್ನು ಓದಿ ನೋಡಿ.

ಎಲ್ಲಿ ಅರ್ಜಿ ಕೊಟ್ಟರೂ ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ. ಸುಮ್ನೆ "ಇಟ್ಟು ಹೋಗಮ್ಮ" ಅಂದರೆ, ಒಂದು ಜೆರಾಕ್ಸ್ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಆರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಫೀಸು 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹೀಗೆ ಬರೆದರೆ ಸಾಕು: "ಇಂಥ ದಿನಾಂಕದ ಇಂಥ ನಂಬರಿನ ನನ್ನ ಅರ್ಜಿಯ ಮೇಲೆ ಏನು ಕ್ರಮ ಆಗಿದೆ, ಪಟ್ಟಿಯಲ್ಲಿ ನನ್ನ ಕ್ರಮಸಂಖ್ಯೆ ಎಷ್ಟು, ನನಗಿಂತ ನಂತರ ಅರ್ಜಿ ಹಾಕಿದವರಲ್ಲಿ ಯಾರಿಗಾದರೂ ಮಂಜೂರಾಗಿದ್ದರೆ ಆ ಪಟ್ಟಿಯ ಪ್ರತಿ ಕೊಡಿ." 30 ದಿನದಲ್ಲಿ ಉತ್ತರ ಕೊಡಬೇಕು. ಮಧ್ಯವರ್ತಿಗೆ 40 ಸಾವಿರ ಕೊಡುವುದಕ್ಕಿಂತ ಈ ಒಂದು ಹಾಳೆಯಿಂದ ಫೈಲು ಬೇಗ ಅಲುಗಾಡುತ್ತದೆ.

ಕೇಳದಿದ್ದರೂ ಇನ್ನೊಂದು ಹೇಳಬೇಕು. ಮನೆ ಹುಡುಕುವಾಗ "ಭೋಗ್ಯಕ್ಕೆ ಹಾಕ್ಕೊಳ್ಳಿ, ತಿಂಗಳ ಬಾಡಿಗೆಯೇ ಇಲ್ಲ" ಅನ್ನುವವರು ಸಿಗುತ್ತಾರೆ. ಎರಡೋ ಮೂರೋ ಲಕ್ಷ ಒಟ್ಟಿಗೆ ಕೊಡಬೇಕು. ಅದಕ್ಕೆ ಸಂಘದಲ್ಲಿ, ಫೈನಾನ್ಸಿನಲ್ಲಿ ಸಾಲ ತೆಗೆದರೆ ವಾರದ ಕಂತು ಬಾಡಿಗೆಗಿಂತ ಜಾಸ್ತಿ ಆಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಆ ಮನೆಯ ಮೇಲೆ ಓನರ್ ಬ್ಯಾಂಕಿನಲ್ಲಿ ಮೊದಲೇ ಸಾಲ ಮಾಡಿದ್ದು, ತೀರಿಸದಿದ್ದರೆ, ಬ್ಯಾಂಕಿನವರು ಮನೆಯನ್ನೇ ವಶಕ್ಕೆ ತೆಗೆದುಕೊಳ್ಳುತ್ತಾರೆ. ನೋಂದಣಿಯಿಲ್ಲದ ಭೋಗ್ಯದ ಕಾಗದ ಹಿಡಿದು ನಿಮ್ಮ ಲಕ್ಷಗಳಿಗಾಗಿ ಕೋರ್ಟಿಗೆ ಅಲೆಯಬೇಕು. ಕೈಯಲ್ಲಿ ಸ್ವಂತ ದುಡ್ಡಿದ್ದವರು ಭೋಗ್ಯಕ್ಕೆ ಹಾಕಿಕೊಳ್ಳುವುದಾದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ) ತೆಗೆಸಿ ನೋಡಿ, ಕರಾರನ್ನು ನೋಂದಣಿ ಮಾಡಿಸಿಯೇ ದುಡ್ಡು ಕೊಡಬೇಕು. ನೀವು ಸದ್ಯಕ್ಕೆ ಆ ಕಡೆ ಹೋಗಬೇಡಿ.

ಮಕ್ಕಳ ಓದು ಮನೆ ಬದಲಾವಣೆಯಲ್ಲಿ ಕೆಡಬಾರದು. ವರ್ಷದ ನಡುವೆ ದೂರದ ಏರಿಯಾಕ್ಕೆ ಹೋಗಬೇಕಾಗಿ ಬಂದರೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ವಿಚಾರಿಸಿ. ಊಟ, ವಸತಿ ಉಚಿತ, ಅಪ್ಪ ಇಲ್ಲದ ಮಕ್ಕಳು ಅಂತ ಅರ್ಜಿಯಲ್ಲಿ ಮರೆಯದೆ ಬರೆಯಿರಿ. ಎಲ್ಲಿಯೂ ಮನೆ ಸಿಗದೆ ರಾತ್ರಿಗೆ ಸೂರಿಲ್ಲದ ಸ್ಥಿತಿ ಬಂದರೆ ಸಂಕೋಚ ಪಡದೆ 181ಕ್ಕೆ ಫೋನ್ ಮಾಡಿ. ಅದು ಹೆಣ್ಣುಮಕ್ಕಳಿಗಾಗಿಯೇ ಇರುವ ಸಹಾಯವಾಣಿ.

ಈ ವಾರ ಮಾಡಬೇಕಾದ್ದು ಮೂರು: ಓನರ್ ಜೊತೆ ಮಾತಾಡಿ ತಾರೀಕು ಬರೆಸಿಕೊಳ್ಳುವುದು, ಆಹಾರ ಇಲಾಖೆಯಲ್ಲಿ ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೇಳುವುದು, ಊರಿನ ಪಂಚಾಯ್ತಿಯಿಂದ ಜಾಗದ ನಮೂನೆ 9 ತರಿಸುವುದು. ಆ ನಮೂನೆಯಲ್ಲಿ ಮಾವನ ಹೆಸರಿದೆಯೋ, ಅತ್ತೆಯದೋ, ಮೈದುನ ಆಗಲೇ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೋ ನೋಡಿ ನನಗೆ ಬರೆಯಿರಿ. ಮೈದುನನ ಹೆಸರಿಗೆ ಆಗಿದ್ದರೆ ಕಾರ್ಡು ಬೇರೆ ಮಾಡಿಸುವ ಮೊದಲೇ ಅದಕ್ಕೆ ತಕರಾರು ಅರ್ಜಿ ಕೊಡಬೇಕಾಗುತ್ತದೆ. ಅದನ್ನು ಹೇಗೆ ಬರೆಯುವುದು ಅಂತ ಆಗ ಹೇಳುತ್ತೇನೆ.